ಸರ್ಫಿಂಗ್‌ಗೆ ತಕ್ಕ ಕಡಲತೀರದ ಆಯ್ಕೆ

ಮಂಗಳೂರು ಸಮೀಪದ ಸಸಿಹಿತ್ಲು ಕಡಲತೀರದಲ್ಲಿ 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ನಡೆಯಿತು. ಆದರೆ ಸ್ಪರ್ಧಾಳುಗಳಿಗೆ ಒಪ್ಪುವ ಅಲೆ ಕಲಿಯುವವರಿಗೂ ಒಪ್ಪುವುದೆಂದು ಭಾವಿಸಿ ತರಬೇತಿ ಅಥವಾ ಸರ್ಫ್‌ಬೋರ್ಡ್ ಬಾಡಿಗೆಯ ಉದ್ಯಮಕ್ಕೆ ಬಂಡವಾಳ ಹೂಡುವುದು ಸಲ್ಲದು.

ಕಲಿಕೆಗೆ ಇಳಿಜಾರು ಕಡಿಮೆಯಿರುವ, ಬಂಡೆಗಳಿಲ್ಲದ ಮರಳುತಳವೂ ಸೊಂಟದ ಎತ್ತರ ಮೀರದ ಅಲೆಗಳೂ ಬೇಕು. ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಅಳಿವೆಯಲ್ಲಿ ಇಳಿತದ ವೇಳೆ ನೀರು ಹೊರಕ್ಕೆ ಸೆಳೆಯುವುದರಿಂದ ಹೊಸಬರನ್ನು ಅಲ್ಲಿ ಇಳಿಸಬಾರದು. ಇಕ್ಕೆಲಗಳಲ್ಲಿ ಅಲೆ ಒಡೆಯುತ್ತಿರುವಾಗ ನಡುವೆ ಶಾಂತವಾಗಿ ಕಾಣುವ ಪಟ್ಟಿಯೂ ಸೆಳೆತದ ಗುರುತೇ. ಸಿಲುಕಿದವರು ದಡಕ್ಕೆ ಸಮಾನಾಂತರವಾಗಿ ಸಾಗಿ ಹೊರಬರಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಕಡಲು ಪ್ರಕ್ಷುಬ್ಧವಾಗುತ್ತದೆ. ಆದ್ದರಿಂದ ವರ್ಷದ ಬಾಡಿಗೆ, ವೇತನಗಳನ್ನು ಉಳಿದ ತಿಂಗಳುಗಳ ಆದಾಯದಿಂದಲೇ ತೂಗಿಸುವಂತೆ ಮೊದಲೇ ಲೆಕ್ಕ ಹಾಕುವುದು ಲೇಸು.