ಚಳಿಗಾಲದ ನೋವು: ಮಾಂಸಖಂಡ, ಕೀಲು ಮತ್ತು ನರ

ಎಳ್ಳಮಾವಾಸ್ಯೆಯ ದಿನ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ನಡೆಯುತ್ತದೆ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಕಡುಬು, ಭಜ್ಜಿಗಳ ಎಡೆಯಾಗಿ, ಬೆಳೆದು ನಿಂತ ಜೋಳದ ನಡುವೆ ಚರಗ ಚೆಲ್ಲಿದ ಮೇಲೆ ಎಲ್ಲರೂ ಕಲೆತು ಊಟಮಾಡುತ್ತಾರೆ. ಹಗಲಿನ ಬಿಸಿಲು ಹಿತವಾಗಿರುತ್ತದೆ. ಆದರೆ ಹೊತ್ತು ಮುಳುಗಿ ಬಂಡಿಗಳು ಊರ ಕಡೆ ತಿರುಗುವ ವೇಳೆಗೆ ಹಿರಿಯರು ಮೊಣಕಾಲು ನೀವಿಕೊಳ್ಳತೊಡಗುತ್ತಾರೆ. “ಥಂಡಿ ಬಿತ್ತು, ಇನ್ನ ಸಂಕ್ರಮಣ ದಾಟೂತನಕ ಈ ಕಾಲು ನನ್ನ ಮಾತು ಕೇಳಂಗಿಲ್ಲ” ಎಂಬ ಮಾತನ್ನು ಈ ಸೀಮೆಯಲ್ಲಿ ಕೇಳದವರಿಲ್ಲ.

ಚಳಿಗೂ ನೋವಿಗೂ ನಂಟು ಉಂಟೆ? ಉಂಟಾದರೆ ಅದು ಎಂಥದು? ಈ ಪ್ರಶ್ನೆಯನ್ನು ನಾವು ಕೇವಲ ಕುತೂಹಲಕ್ಕಾಗಿ ಎತ್ತಿಕೊಂಡಿಲ್ಲ. ಮೈಯಲ್ಲಿ ಎಲ್ಲೇ ನೋಯಲಿ, “ಥಂಡಿಯ ನೋವು” ಎಂಬ ಒಂದೇ ಹೆಸರಿಟ್ಟು ಒಂದೇ ಉಪಚಾರ ಮಾಡುವ ರೂಢಿಯಿಂದ ಕೆಲವೊಮ್ಮೆ ದೊಡ್ಡ ಅನಾಹುತವಾಗುತ್ತದೆ. ಒಂದೇ ಹೆಸರಿನ ಕೆಳಗೆ ಮೂರು ಬೇರೆ ಬೇರೆ ನೋವುಗಳು ಅಡಗಿವೆ. ಮಾಂಸಖಂಡದ್ದು ಒಂದು, ಕೀಲಿನದು ಇನ್ನೊಂದು, ನರದ್ದು ಮತ್ತೊಂದು. ಇವನ್ನು ಬೇರ್ಪಡಿಸಿ ತಿಳಿಯುವುದೇ ಚಿಕಿತ್ಸೆಯ ಮೊದಲ ಮೆಟ್ಟಿಲು.

ನಮ್ಮ ಚಳಿ ಎಷ್ಟರದು?

ಕಲಬುರಗಿ ಜಿಲ್ಲೆಯ ಈ ಮೂರು ತಾಲ್ಲೂಕುಗಳು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಮೇ ತಿಂಗಳ ಹಗಲಿನಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸನ್ನು ಮೀರುವ ನಾಡು ಇದು. ಡಿಸೆಂಬರ್-ಜನವರಿಗಳಲ್ಲಿ ಹಗಲು ಸುಮಾರು 30 ಡಿಗ್ರಿ ಇದ್ದರೆ, ಇರುಳಿನಲ್ಲಿ ಸಾಮಾನ್ಯವಾಗಿ 15ರ ಸುತ್ತಮುತ್ತ ಇಳಿಯುತ್ತದೆ. ಕೆಲವು ರಾತ್ರಿ ಇನ್ನೂ ಕಡಿಮೆಯಾಗುತ್ತದೆ. ಮೋಡವಿಲ್ಲದ ಆಕಾಶ, ಒಣಗಿದ ಗಾಳಿ. ಆದ್ದರಿಂದ ಹಗಲೆಲ್ಲ ಕಾದ ಕಪ್ಪು ನೆಲ ತನ್ನ ಶಾಖವನ್ನು ವಿಕಿರಣದಿಂದ ಬೇಗನೆ ಕಳೆದುಕೊಳ್ಳುತ್ತದೆ. ಹಿಮಾಲಯದ ಚಳಿಗೆ ಹೋಲಿಸಿದರೆ ಇದು ಏನೂ ಅಲ್ಲ, ನಿಜ. ಆದರೆ ಇಲ್ಲಿಯ ಮನೆ, ಉಡುಪು, ಹಾಸಿಗೆಗಳೆಲ್ಲ ಬೇಸಗೆಯನ್ನು ಎದುರಿಸಲು ಸಿದ್ಧವಾದವು. ಅಲ್ಲದೆ ಇಲ್ಲಿ ಚಳಿಗಾಲವೇ ದುಡಿಮೆಯ ಕಾಲ. ತೊಗರಿಯ ಕೊಯ್ಲು, ರಾಶಿ ಆಗಲೇ. ಭೂಸನೂರು, ಹವಳಗಾ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಕಡಿಯುವುದೂ ಆಗಲೇ. ಇರುಳಿನಲ್ಲಿ ಕರೆಂಟು ಬಂದಾಗ ಎದ್ದು ಹೊಲಕ್ಕೆ ನೀರು ಹಾಯಿಸುವ ರೈತನು ಕೆಸರಿನಲ್ಲಿ ಬರಿಗಾಲಲ್ಲಿ ನಿಂತಿರುತ್ತಾನೆ.

ನೀರಿನ ಉಷ್ಣವಾಹಕತೆ ಗಾಳಿಯದಕ್ಕಿಂತ ಸುಮಾರು 25 ಪಟ್ಟು ಹೆಚ್ಚು. 15 ಡಿಗ್ರಿಯ ಗಾಳಿಯಲ್ಲಿ ನಿಂತವನಿಗಿಂತ 15 ಡಿಗ್ರಿಯ ನೀರಿನಲ್ಲಿ ನಿಂತವನ ಕಾಲು ಬಹಳ ಬೇಗ ಶಾಖವನ್ನು ಕಳೆದುಕೊಳ್ಳುವುದು ಈ ಕಾರಣದಿಂದ. ಶಹಾಬಾದ ಹಾಸುಗಲ್ಲಿನ ಮೇಲೆ ಬರಿ ಚಾಪೆ ಹಾಸಿ ಮಲಗಿದವನ ಬೆನ್ನಿನಿಂದಲೂ ಶಾಖವು ಕಲ್ಲಿಗೆ ಹರಿಯುತ್ತಲೇ ಇರುತ್ತದೆ. ಕೌದಿಯಾಗಲಿ ಕಂಬಳಿಯಾಗಲಿ ತಾನಾಗಿ ಶಾಖವನ್ನು ಕೊಡುವುದಿಲ್ಲ. ತನ್ನ ಪದರಗಳಲ್ಲಿ ಗಾಳಿಯನ್ನು ಕದಲದಂತೆ ಹಿಡಿದಿಟ್ಟು, ನಮ್ಮ ಶಾಖವನ್ನು ನಮ್ಮಲ್ಲೇ ಉಳಿಸುತ್ತದೆ. ಆದುದರಿಂದ ಹೊದೆಯುವ ಕೌದಿ ಎಷ್ಟು ಮುಖ್ಯವೋ ಹಾಸುವ ಕೌದಿಯೂ ಅಷ್ಟೇ ಮುಖ್ಯ.

ಮಾಂಸಖಂಡದ ನೋವು

ಸುಮ್ಮನೆ ಕುಳಿತ ಮನುಷ್ಯನ ದೇಹವು 80ರಿಂದ 100 ವ್ಯಾಟಿನಷ್ಟು ಶಾಖವನ್ನು ಉತ್ಪಾದಿಸುತ್ತಿರುತ್ತದೆ. ಒಳ ಅಂಗಗಳನ್ನು 37 ಡಿಗ್ರಿಯ ಬಳಿಯಲ್ಲಿ ಇಡುವುದೇ ಅದರ ಗುರಿ. ಹೊರಗೆ ಚಳಿಯಾದಾಗ ದೇಹವು ಮೊದಲು ಚರ್ಮದ ಮತ್ತು ಕೈಕಾಲುಗಳ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಅದು ಸಾಲದೆ ಹೋದರೆ ಮಾಂಸಖಂಡಗಳನ್ನು ನಡುಗಿಸುತ್ತದೆ. ನಡುಕವೆಂಬುದು ಕೆಲಸವಿಲ್ಲದ ದುಡಿಮೆ. ಅದರ ಶಕ್ತಿಯೆಲ್ಲ ಶಾಖವಾಗಿ ಪರಿಣಮಿಸುತ್ತದೆ.

ತಣ್ಣಗಾದ ಮಾಂಸಖಂಡವು ನಿಧಾನವಾಗಿ ಬಿಗಿಯುತ್ತದೆ, ನಿಧಾನವಾಗಿ ಸಡಿಲುತ್ತದೆ. ನಸುಕಿನಲ್ಲಿ ಎದ್ದವನೇ ಮೈ ಕಾಯದ ಮುನ್ನ ಕಬ್ಬಿನ ಹೊರೆಯನ್ನು ಎತ್ತಿದರೆ ಅದರ ಎಳೆಗಳಿಗೆ ಪೆಟ್ಟಾಗುವ ಸಂಭವ ಹೆಚ್ಚು. ಈ ನೋವಿನ ಗುರುತೆಂದರೆ, ಅದು ಮೀನಖಂಡ, ಸೊಂಟ, ಕುತ್ತಿಗೆಗಳಲ್ಲಿ ಹರಡಿಕೊಂಡಿರುತ್ತದೆ, ಒತ್ತಿದರೆ ಹೆಚ್ಚುತ್ತದೆ, ಕಾವು ಮತ್ತು ಲಘು ಚಲನೆಯಿಂದ ಕೆಲವು ದಿನಗಳಲ್ಲಿ ಇಳಿಯುತ್ತದೆ. ಕೆಲಸಕ್ಕೆ ಮುನ್ನ ಐದು-ಹತ್ತು ನಿಮಿಷ ನಡೆದಾಡಿ, ತೋಳು ತಿರುಗಿಸಿ ಮೈಯನ್ನು ಬೆಚ್ಚಗೆ ಮಾಡಿಕೊಳ್ಳುವುದು ಇದಕ್ಕೆ ಒಳ್ಳೆಯ ತಡೆ.

ಕೀಲಿನ ನೋವು

ಎಲುಬಿನ ತುದಿಗಳು ಕೂಡುವಲ್ಲಿ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ. ಎರಡು ತುದಿಗಳ ನಡುವೆ ಜಾರುದ್ರವವಿದೆ. ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ. ಕೀಲು ಮಡಿಸಿ ಚಾಚಿದಾಗ ದ್ರವವು ಹಿಂಡಿ ಹೀರಲ್ಪಡುವುದರಿಂದಲೇ ಅದಕ್ಕೆ ಪೋಷಣೆ. ಎಣ್ಣೆಯಂತೆ ಈ ದ್ರವದ ಸ್ನಿಗ್ಧತೆಯೂ ಉಷ್ಣತೆ ಇಳಿದಂತೆ ಏರುತ್ತದೆ. ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಸೀಸೆಯಲ್ಲಿ ಹೆಪ್ಪುಗಟ್ಟುವುದನ್ನು ವಾಚಕರು ಕಂಡಿದ್ದಾರೆ. ಕೀಲಿನ ದ್ರವ ಹಾಗೆ ಹೆಪ್ಪುಗಟ್ಟುವುದಿಲ್ಲವಾದರೂ ಕೊಂಚ ಮಂದವಾಗುತ್ತದೆ. ತಣ್ಣಗಾದ ಬೆರಳಿನ ಕೀಲು ಬಿಗಿಯಾಗುವುದಕ್ಕೂ ಈ ದ್ರವದ ಗುಣಕ್ಕೂ ಇರುವ ಸಂಬಂಧವನ್ನು ಕೆನಡಾದ ವಿಜ್ಞಾನಿಗಳು 1952ರಲ್ಲಿ ಪರೀಕ್ಷಿಸಿ ತೋರಿಸಿದರು. ಮೊಣಕಾಲಿನ ಮೇಲೆ ಕೊಬ್ಬು, ಮಾಂಸಗಳ ಹೊದಿಕೆ ತೆಳು. ಆದ್ದರಿಂದ ಅದು ಬೇಗ ತಣ್ಣಗಾಗುತ್ತದೆ.

ವಾಯುಭಾರ ಇಳಿದುದರಿಂದ ಕೀಲು ಉಬ್ಬಿ ನೋಯುತ್ತದೆಂಬ ವಾದವೂ ಉಂಟು. ಇದನ್ನು ಅಂಕಿಗಳಿಂದ ತೂಗಿ ನೋಡೋಣ. ಕಲಬುರಗಿಯ ಎತ್ತರದಲ್ಲಿ ವಾಯುಭಾರ ಸುಮಾರು 960 ಮಿಲಿಬಾರ್. ಬೆಂಗಳೂರಿನಲ್ಲಿ ಸುಮಾರು 910. ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋದವನ ಕೀಲುಗಳ ಮೇಲೆ ಬೆಳಗಾಗುವುದರೊಳಗೆ 50 ಮಿಲಿಬಾರ್ ಒತ್ತಡ ಕಡಿಮೆಯಾಗಿರುತ್ತದೆ. ಊರಲ್ಲೇ ಇದ್ದವನಿಗೆ ಒಂದು ದಿನದಲ್ಲಿ ಆಗುವ ಏರಿಳಿತ ಸಾಮಾನ್ಯವಾಗಿ 3-4 ಮಿಲಿಬಾರ್ ಮಾತ್ರ. ಮೇಲಾಗಿ, ನಮ್ಮ ನಾಡಿನಲ್ಲಿ ವಾಯುಭಾರ ಅತಿ ಕಡಿಮೆ ಇರುವುದು ಮುಂಗಾರಿನ ಜೂನ್-ಜುಲೈಗಳಲ್ಲಿ. ಚಳಿಗಾಲದಲ್ಲಿ ಅದು ಹೆಚ್ಚಿರುತ್ತದೆ. ಹೀಗಿರುವಾಗ ಚಳಿಗಾಲದ ನೋವನ್ನೆಲ್ಲ ವಾಯುಭಾರದ ತಲೆಗೆ ಕಟ್ಟುವುದು ಸರಿಯಲ್ಲ.

ಪ್ರಯೋಗಗಳೂ ಎಚ್ಚರಿಕೆಯಿಂದಲೇ ಮಾತಾಡುತ್ತವೆ. 1996ರಲ್ಲಿ ರೆಡೆಲ್‌ಮೈಯರ್ ಮತ್ತು ಟ್ವೆರ್‌ಸ್ಕಿ ಎಂಬವರು 18 ಮಂದಿ ಸಂಧಿವಾತ ರೋಗಿಗಳನ್ನು 15 ತಿಂಗಳು ಗಮನಿಸಿದಾಗ, ಹವೆಗೂ ನೋವಿಗೂ ಸಂಬಂಧ ಕಾಣಲಿಲ್ಲ. ಆದರೆ ಸಂಬಂಧವಿದೆಯೆಂಬ ನಂಬಿಕೆ ರೋಗಿಗಳಲ್ಲಿ ಬಲವಾಗಿತ್ತು. 2019ರಲ್ಲಿ ಮ್ಯಾಂಚೆಸ್ಟರಿನ ಸಂಶೋಧಕರು 2,658 ಜನರ ದಿನದಿನದ ವರದಿಗಳನ್ನು ಪರಿಶೀಲಿಸಿ, ತೇವ, ಗಾಳಿ, ಕಡಿಮೆ ಒತ್ತಡ ಕೂಡಿದ ದಿನಗಳಲ್ಲಿ ನೋವು ಸ್ವಲ್ಪ ಹೆಚ್ಚೆಂದು ಕಂಡರು. ಉಷ್ಣತೆಯೊಂದರಿಂದಲೇ ಸ್ಪಷ್ಟ ವ್ಯತ್ಯಾಸ ತೋರಲಿಲ್ಲ. ನಮಗೆ ತೋರುವುದಿಷ್ಟು: ಚಳಿಯು ಕೀಲಿನ ರೋಗವನ್ನು ಹುಟ್ಟಿಸುವುದಿಲ್ಲ, ಇದ್ದ ರೋಗದ ಬಿಗಿತವನ್ನು ಎದ್ದು ಕಾಣಿಸುತ್ತದೆ. ಚಳಿಗೆ ಹೆದರಿ ಮುದುಡಿ ಕುಳಿತರೆ ಬಿಗಿತ ಇನ್ನೂ ಹೆಚ್ಚುತ್ತದೆ.

ಈ ಜಿಲ್ಲೆಯ ಕೀಲುಗಳಿಗೆ ಬೇರೆಯದೂ ಒಂದು ನೆನಪಿದೆ. 2006ರ ಚಿಕುನ್‌ಗುನ್ಯ ಪಿಡುಗಿನಲ್ಲಿ, ಆಗ ಗುಲ್ಬರ್ಗಾ ಎನಿಸಿಕೊಂಡಿದ್ದ ಈ ಜಿಲ್ಲೆಯು ಕರ್ನಾಟಕದಲ್ಲಿ ಬಹಳವಾಗಿ ನೊಂದ ಜಿಲ್ಲೆಗಳಲ್ಲಿ ಒಂದು. ಸೊಳ್ಳೆಯಿಂದ ಹರಡುವ ಆ ವೈರಸ್ಸು ಜ್ವರ ಬಿಟ್ಟ ಮೇಲೂ ಕೆಲವರ ಕೀಲುಗಳಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ನೋವನ್ನು ಉಳಿಸುತ್ತದೆ. ಆಫ್ರಿಕದ ಮಕೊಂಡೆ ಭಾಷೆಯ ಆ ಹೆಸರಿಗೆ ‘ಬಾಗಿಸುವುದು’ ಎಂಬ ಅರ್ಥ ಬಂದುದೇ ಇದರಿಂದ. ಬೆಳಗಿನ ಬಿಗಿತವು ಒಂದು ಗಂಟೆಯಾದರೂ ಬಿಡದಿದ್ದರೆ, ಎರಡೂ ಕೈಗಳ ಸಣ್ಣ ಕೀಲುಗಳು ಊದಿಕೊಂಡಿದ್ದರೆ, ಅದನ್ನು ಥಂಡಿಯೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಬೇಕು.

ನರದ ನೋವು

ನರದ ನೋವಿನ ಬಗೆಯೇ ಬೇರೆ. ಅದು ಉರಿಯುತ್ತದೆ, ಜುಮ್ಮೆನ್ನುತ್ತದೆ, ಸೂಜಿ ಚುಚ್ಚಿದಂತೆ, ಮಿಂಚು ಹರಿದಂತೆ ಸೊಂಟದಿಂದ ಪಾದದವರೆಗೆ ಓಡುತ್ತದೆ. ಇಲ್ಲವೆ ಪಾದವು ಜೋಮು ಹಿಡಿದು, ಅರಿವೆ ಸುತ್ತಿಕೊಂಡು ನಡೆದಂತೆ ಭಾಸವಾಗುತ್ತದೆ. ಆರೋಗ್ಯವಂತನ ಕೈಯ ನರದಲ್ಲಿ ಸಂಕೇತಗಳು ಸೆಕೆಂಡಿಗೆ 50-60 ಮೀಟರ್ ವೇಗದಲ್ಲಿ ಹರಿಯುತ್ತವೆ. ನರವು ಒಂದು ಡಿಗ್ರಿ ತಣ್ಣಗಾದರೆ ಈ ವೇಗ ಸುಮಾರು 2 ಮೀಟರ್‌ನಷ್ಟು ಕುಗ್ಗುತ್ತದೆ. ಚಳಿಯಲ್ಲಿ ಬೆರಳು ಮರಗಟ್ಟಿ ಗುಂಡಿ ಹಾಕಲೂ ಬಾರದಿರುವುದಕ್ಕೆ ಇದೂ ಒಂದು ಕಾರಣ. ಮೊದಲೇ ಕೆಟ್ಟ ನರವಾದರೆ ಕೊಂಚ ತಂಪನ್ನೂ ನೋವೆಂದೇ ವರದಿ ಮಾಡಬಲ್ಲದು. ನರವನ್ನು ಕೆಡಿಸುವ ಕಾರಣಗಳಲ್ಲಿ ಮುಖ್ಯವಾದುದು ಮಧುಮೇಹ, ಅಂದರೆ ಸಕ್ಕರೆ ರೋಗ. ಬಿ12 ಜೀವಸತ್ವದ ಕೊರತೆ, ಕುಷ್ಠ, ಬೆನ್ನುಮೂಳೆಯಲ್ಲಿ ನರ ಒತ್ತಿಕೊಳ್ಳುವಿಕೆ ಇವೂ ಕಾರಣಗಳೇ.

ಕಾವು ಹೇಗೆ ಗುಣಕೊಡುತ್ತದೆ?

ಚರ್ಮದ ನರಗಳ ತುದಿಯಲ್ಲಿ ತಂಪಿಗೊಂದು, ಬಿಸಿಗೊಂದು ಪ್ರೋಟೀನಿನ ಬಾಗಿಲುಗಳಿವೆ. ಇವುಗಳ ಸಂಶೋಧನೆಗಾಗಿ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರ ನೊಬೆಲ್ ಪಾರಿತೋಷಿಕ ಸಂದಿತು. ಬಿಸಿಯ ಬಾಗಿಲು ಸುಮಾರು 43 ಡಿಗ್ರಿಗೆ ತೆರೆಯುತ್ತದೆ. ಮೆಣಸಿನಕಾಯಿಯ ಖಾರವೂ ಅದನ್ನೇ ತೆರೆಯುವುದರಿಂದ ಖಾರವು ಉರಿಯೆನಿಸುತ್ತದೆ. ಮುಲಾಮಿನ ಮೆಂಥಾಲು ತಂಪಿನ ಬಾಗಿಲನ್ನು ತೆರೆಯುತ್ತದೆ. ಉಜ್ಜಿದಾಗ, ಮುಲಾಮು ಹಚ್ಚಿದಾಗ ನೋವು ಇಳಿಯುವುದೇಕೆ? ಸ್ಪರ್ಶದ ಸಂಕೇತಗಳು ಬೆನ್ನುಹುರಿಯಲ್ಲಿ ನೋವಿನ ಸಂಕೇತಗಳಿಗೆ ಅಡ್ಡ ಬರುತ್ತವೆಂದು ಮೆಲ್ಜ್ಯಾಕ್ ಮತ್ತು ವಾಲ್ 1965ರಲ್ಲಿ ಸೂಚಿಸಿದರು. ಕಾವು ಇದರೊಂದಿಗೆ ರಕ್ತನಾಳಗಳನ್ನು ಹಿಗ್ಗಿಸಿ, ಬಿಗಿದ ಮಾಂಸಖಂಡವನ್ನು ಸಡಿಲಿಸುತ್ತದೆ. ಒಂದು ಸಲಕ್ಕೆ 15-20 ನಿಮಿಷದ ಹಿತವಾದ ಕಾವು ಸಾಕು. ಕೆಂಪೇರಿ ಊದಿದ ಕೀಲಿಗೂ ಆಗತಾನೆ ಉಳುಕಿದ ಕಾಲಿಗೂ ಕಾವು ಸಲ್ಲದು. ಅಲ್ಲಿ ಬಟ್ಟೆಯಲ್ಲಿ ಸುತ್ತಿದ ತಂಪೇ ಮೇಲು.

ಅನಾಹುತ ಹೊಂಚಿರುವುದು ಇಲ್ಲಿಯೇ. ಮಧುಮೇಹದಿಂದ ನರ ಕೆಟ್ಟ ಪಾದವು ತಣ್ಣಗಾಗಿದೆಯೆಂದೂ ನೋಯುತ್ತಿದೆಯೆಂದೂ ಮುದುಕರು ಕೆಂಡದ ಮುಂದೆ ಕಾಲು ಚಾಚುತ್ತಾರೆ, ಬಿಸಿನೀರಿನ ಚೀಲವನ್ನು ಕೌದಿಯೊಳಗೆ ಇಟ್ಟುಕೊಂಡು ಮಲಗುತ್ತಾರೆ. ಚರ್ಮವು ಎಷ್ಟು ಬಿಸಿಗೆ ಎಷ್ಟು ಹೊತ್ತಿನಲ್ಲಿ ಸುಡುತ್ತದೆಂಬುದನ್ನು ಮೋರಿಟ್ಜ್ ಮತ್ತು ಹೆನ್ರಿಕೆಸ್ 1947ರಲ್ಲಿ ಅಳೆದರು. 60 ಡಿಗ್ರಿಗೆ ಸುಮಾರು 5 ಸೆಕೆಂಡು ಸಾಕು. ಬರಿಯ 44 ಡಿಗ್ರಿಯೂ ಸುಮಾರು 6 ಗಂಟೆ ಬಿಡದೆ ತಾಗಿದರೆ ಸುಡುತ್ತದೆ. ಒಂದು ರಾತ್ರಿಯ ನಿದ್ದೆ ಅದಕ್ಕಿಂತ ದೀರ್ಘ! ಆರೋಗ್ಯವಂತನ ನರ ‘ಬಿಸಿ’ ಎಂದು ಕೂಗಿ ಕಾಲನ್ನು ಹಿಂದೆಳೆಯುತ್ತದೆ. ಕೆಟ್ಟ ನರ ಕೂಗುವುದಿಲ್ಲ. ಬೊಬ್ಬೆ ಹುಣ್ಣಾಗಿ, ಹುಣ್ಣು ಮಾಯದೆ ಕೊನೆಗೆ ಬೆರಳನ್ನೋ ಪಾದವನ್ನೋ ಕಳೆದುಕೊಳ್ಳುವ ಪ್ರಸಂಗವೂ ಬರಬಹುದು. ಇಂಥ ಪಾದಕ್ಕೆ ಉಣ್ಣೆಯ ಕಾಲುಚೀಲವೇ ತಕ್ಕ ಕಾವು. ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟು ಮಲಗುವುದಂತೂ ಯಾರಿಗೂ ಸಲ್ಲದು. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಅಂಗಡಿಯಿಂದ ತಂದ ನೋವಿನ ಗುಳಿಗೆಯನ್ನು ಚಳಿಗಾಲ ಕಳೆಯುವತನಕ ನಿತ್ಯ ನುಂಗುವ ಅಭ್ಯಾಸವೂ ಅಪಾಯದ್ದೇ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮೊದಲಾದವು ಜಠರದಲ್ಲಿ ಹುಣ್ಣು ಮಾಡಬಹುದು, ಮೂತ್ರಪಿಂಡಗಳಿಗೆ ಹಾನಿ ತರಬಹುದು. ಅಲ್ಲದೆ ನರದ ನೋವಿಗೆ ಅವುಗಳಿಂದ ಹೆಚ್ಚಿನ ಉಪಯೋಗವಿಲ್ಲ. ಅದಕ್ಕೆ ಔಷಧಗಳೇ ಬೇರೆ, ವೈದ್ಯರೇ ಕೊಡಬೇಕು. ಕೀಲು ಊದಿ ಜ್ವರ ಬಂದರೆ, ಕಾಲಿನ ಬಲ ಕುಂದಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ, ಎದೆಯೊತ್ತಿ ನೋವು ಎಡತೋಳಿಗೋ ದವಡೆಗೋ ಹರಿದರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕೊನೆಯದು ಹೃದಯದ ಕರೆ, ಮುಲಾಮಿನಿಂದ ಅಡಗುವುದಲ್ಲ.

ಮನೆಯಲ್ಲೇ ಮಾಡುವ ಒಂದು ಪರೀಕ್ಷೆ

ವಿದ್ಯಾರ್ಥಿಗಳಾದ ವಾಚಕರು ಈ ಚಳಿಗಾಲದಲ್ಲಿ ಮಾಡಬಹುದಾದ ಒಂದು ಸರಳ ಪರೀಕ್ಷೆಯನ್ನು ಹೇಳಿ ಮುಗಿಸುತ್ತೇವೆ. ಇಂಗ್ಲೆಂಡಿನ ಇಪ್ಸ್‌ವಿಚ್ ಪಟ್ಟಣದ ವೈದ್ಯರು 2011ರಲ್ಲಿ ಇದನ್ನು ಪ್ರಕಟಿಸಿದರು. ಅಜ್ಜಿಯನ್ನೋ ಅಜ್ಜನನ್ನೋ ಮಲಗಿಸಿ, ಕಣ್ಣು ಮುಚ್ಚಿಕೊಳ್ಳುವಂತೆ ಹೇಳಿರಿ. ನಿಮ್ಮ ತೋರುಬೆರಳಿನಿಂದ ಅವರ ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೊಂದಾಗಿ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿರಿ. ಒತ್ತಬೇಡಿರಿ, ಕಚಗುಳಿ ಇಡಬೇಡಿರಿ. ಮುಟ್ಟಿದುದು ತಿಳಿದಾಗ ಅವರು ಹೇಳಲಿ. ಆರರಲ್ಲಿ ಎರಡು ಅಥವಾ ಹೆಚ್ಚು ಸ್ಪರ್ಶಗಳು ಅವರಿಗೆ ತಿಳಿಯದೆ ಹೋದರೆ, ಆ ಪಾದಗಳ ಅರಿವು ಕುಂದಿರಬಹುದೆಂದು ತಿಳಿಯಿರಿ. ಕೆಂಡವನ್ನೂ ಬಿಸಿನೀರಿನ ಚೀಲವನ್ನೂ ಅವರಿಂದ ದೂರವಿಟ್ಟು, ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದು ರಕ್ತದ ಸಕ್ಕರೆಯನ್ನು ಪರೀಕ್ಷಿಸಿರಿ. ಆರೂ ಸ್ಪರ್ಶ ತಿಳಿದು, ನೋವು ಮೊಣಕಾಲಿನದೇ ಎಂದಾದರೆ ಹದವಾದ ಕಾವು ಕೊಟ್ಟು, ಬಿಸಿಲೇರಿದ ಮೇಲೆ ಅವರ ಕೈಹಿಡಿದು ನಾಲ್ಕು ಹೆಜ್ಜೆ ನಡೆಸಿರಿ.