ಹೂವು ಇಟ್ಟ ಮುಹೂರ್ತ

ಮುಂಬಯಿಗೆ ಮರಳುವ ಮೊದಲು ನಾವು ಮೂರು ವರ್ಷ ಟೋಕಿಯೋದ ನಿಶಿಕಸಾಯಿಯಲ್ಲಿ ಸಣ್ಣ ಹೋಟೆಲು ನಡೆಸುತ್ತಿದ್ದೆವು. ಅಲ್ಲಿ ಮಾರ್ಚ್ ಕೊನೆಯ ಹೊತ್ತಿಗೆ ಸಕುರಾ ಅರಳುತ್ತದೆ. ಯಾಸುಕುನಿ ಮಂದಿರದ ಒಂದು ಗೊತ್ತಾದ ಮರದಲ್ಲಿ ಐದಾರು ಹೂವು ಬಿಟ್ಟರೆ ಹವಾಮಾನ ಇಲಾಖೆಯವರು 'ಅರಳಿತು' ಎಂದು ಸಾರುತ್ತಾರೆ. ಆಮೇಲೆ ಎರಡು ವಾರದೊಳಗೆ ಎಲ್ಲ ಮುಗಿಯುತ್ತದೆ. ಆ ಮರಗಳ ಕೆಳಗೆ ನೀಲಿ ತಾಡಪತ್ರಿ ಹಾಸಿ, ಕೂತು ಉಣ್ಣುವುದಕ್ಕೆ ಹನಾಮಿ ಎಂದು ಹೆಸರು.

ಮೊದಲ ವರ್ಷ ಒಂದು ಕಂಪೆನಿಯವರು ಶನಿವಾರಕ್ಕೆ 40 ಡಬ್ಬಿ ಇಡ್ಲಿ-ವಡೆ ಹೇಳಿದ್ದರು. ಶುಕ್ರವಾರ ರಾತ್ರಿ ಗಾಳಿಮಳೆ, ಅರ್ಧ ಹೂವು ನೆಲಕ್ಕೆ. ಇತ್ತ ಹಿಟ್ಟು ರುಬ್ಬಿ ಆಗಿತ್ತು! ಮದುವೆ ಮುಂದೆ ಹೋದಾಗಲೂ ನಮಗೆ ಅಷ್ಟು ಸಂಕಟವಾದದ್ದಿಲ್ಲ. ಬೆಳಿಗ್ಗೆ ಫೋನು ಬಂತು: "ತನ್ನಿ, ಉದುರುವ ಹೂವು ನೋಡುವುದೂ ಹನಾಮಿಯೇ."

ಉಯೆನೋ ಪಾರ್ಕಿಗೆ ಹೋದೆವು. ಕಂಪೆನಿಯ ಎಲ್ಲರಿಗಿಂತ ಕಿರಿಯ ಹುಡುಗ ನಸುಕಿನಿಂದಲೇ ಜಾಗ ಹಿಡಿದು ಕೂತಿದ್ದ. ನಮ್ಮನ್ನೂ ಕೂರಿಸಿದರು. ಇಡ್ಲಿಯ ಮೇಲೆ ಎಸಳು ಬಿದ್ದರೂ ಯಾರೂ ತೆಗೆಯಲಿಲ್ಲ. ಎದ್ದು ಹೊರಡುವಾಗ ಎಲ್ಲರೂ ತಮ್ಮ ಕಸ ಚೀಲಕ್ಕೆ ತುಂಬಿಕೊಂಡರು. ಮರದ ಬುಡದಲ್ಲಿ ನಾವು ಬಿಟ್ಟಿದ್ದ ಚಟ್ನಿ ಪೊಟ್ಟಣವನ್ನು ಪಕ್ಕದ ಅಜ್ಜ ಮಾತಿಲ್ಲದೆ ತಮ್ಮ ಚೀಲಕ್ಕೆ ಹಾಕಿಕೊಂಡರು. ನಾವು ತಲೆ ತಗ್ಗಿಸಿದೆವು.

ಮರುವರ್ಷ 60 ಡಬ್ಬಿ ಹೇಳಿದರು. ಪ್ರತಿ ಡಬ್ಬಿಯ ಜೊತೆಗೂ ಒಂದು ಖಾಲಿ ಚೀಲ ಇಟ್ಟು ಕಳಿಸಿದೆವು.