ಯೋಗ ಬಿಡಬೇಡಿ, ಔಷಧವನ್ನೂ ಬಿಡಬೇಡಿ

ಬ್ಯಾಟರಾಯನಪುರ, ಕೊಡಿಗೇಹಳ್ಳಿ, ಸಹಕಾರನಗರದ ಕಡೆ ಯೋಗ ತರಗತಿಗಾಗಿ ಯಾರೂ ಹುಡುಕಾಡಬೇಕಿಲ್ಲ. ರೇಖಿ, ಪ್ರಾಣಿಕ್ ಹೀಲಿಂಗ್ ಬಲ್ಲವರೂ ನಾಲ್ಕು ಜನರನ್ನು ಕೇಳಿದರೆ ಸಿಗುತ್ತಾರೆ. ನಿಮ್ಹಾನ್ಸ್‌ಗೆ ಹೋಗುವುದಾದರೆ ಮಾತ್ರ ಬೆಳಿಗ್ಗೆ ಬೇಗ ಎದ್ದು, ಹೆಬ್ಬಾಳದ ಫ್ಲೈಓವರ್ ದಾಟಿ, ಇಡೀ ಊರನ್ನು ಹಾದು ಹೊಸೂರು ರಸ್ತೆ ಸೇರಬೇಕು. ಮಲ್ಟಿಪಲ್ ಸ್ಕ್ಲೆರೋಸಿಸ್ ಬಂದವರಿಗೆ, ಅಂದರೆ ಎಲ್ಲರೂ ಚುಟುಕಾಗಿ ಎಂ.ಎಸ್. ಎನ್ನುವ ಕಾಯಿಲೆ ಬಂದವರಿಗೆ, ಈ ದೂರ ಇನ್ನೂ ಹೆಚ್ಚು. ಕಾಲು ಸೋತಿರುತ್ತದೆ, ಬಿಸಿಲು ತಡೆಯುವುದಿಲ್ಲ, ಹತ್ತಿರದಲ್ಲಿ ಶೌಚಾಲಯ ಇಲ್ಲದಿದ್ದರೆ ಪ್ರಯಾಣವೇ ಬೇಡ ಅನ್ನಿಸುತ್ತದೆ. ಹಾಗಾಗಿ ತಜ್ಞರ ಮಾತಿಗಿಂತ ಮೊದಲು ಅಕ್ಕಪಕ್ಕದವರ ಮಾತು ಕಿವಿಗೆ ಬೀಳುತ್ತದೆ. ಅದರಲ್ಲಿ ಒಳ್ಳೆಯ ಸಲಹೆಯೂ ಇರುತ್ತದೆ, ಅಪಾಯದ ಸಲಹೆಯೂ ಇರುತ್ತದೆ. ಎರಡನ್ನೂ ಬೇರ್ಪಡಿಸಿ ಹೇಳುವುದು ತುರ್ತು ಎಂದು ನನಗೆ ಅನ್ನಿಸಿದೆ. ಹಾಗೆ ಕಿವಿಗೆ ಬೀಳುವ ಕೆಲವು ಮಾತುಗಳನ್ನು ಒಂದೊಂದಾಗಿ ನೋಡೋಣ.

“ಇದು ಫಾರಿನ್ನವರ ಕಾಯಿಲೆ. ನಮ್ಮಲ್ಲಿ ಬರುವುದು ಬರೀ ನರದೌರ್ಬಲ್ಯ.”

ಚಳಿದೇಶಗಳಲ್ಲಿ ಎಂ.ಎಸ್. ಹೆಚ್ಚು ಎಂಬುದು ನಿಜ, ಆದರೆ ನಮ್ಮಲ್ಲಿ ಇಲ್ಲವೆಂದಲ್ಲ. ಮಂಗಳೂರಿನ ನಿಟ್ಟೆ ವಿಶ್ವವಿದ್ಯಾಲಯದ ನರರೋಗ ತಜ್ಞೆ ಡಾ. ಲೇಖಾ ಪಂಡಿತ್ ಅವರ ಅಧ್ಯಯನದಲ್ಲಿ ಮಂಗಳೂರು ನಗರದ ಲಕ್ಷ ಜನರಲ್ಲಿ ಸುಮಾರು 8 ಮಂದಿಗೆ ಎಂ.ಎಸ್. ಇರುವುದು ಕಂಡುಬಂತು. ಭಾರತದಲ್ಲಿ ಲಕ್ಷಕ್ಕೆ ಒಬ್ಬರು ಸಿಕ್ಕರೆ ಹೆಚ್ಚು ಎಂದು ಹಿಂದೆ ನಂಬಿದ್ದರು. ಎಂಆರ್‌ಐ ಯಂತ್ರಗಳು ಬಂದ ಮೇಲೆ ಲೆಕ್ಕವೇ ಬದಲಾಯಿತು.

ಸಾಮಾನ್ಯವಾಗಿ 20ರಿಂದ 40ರ ವಯಸ್ಸಿನೊಳಗೆ ಶುರುವಾಗುವ ಈ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಮಿದುಳು, ಬೆನ್ನುಹುರಿ, ಕಣ್ಣಿನ ನರಗಳಲ್ಲಿ ನರತಂತುಗಳ ಸುತ್ತ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಮೈಯ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ ಆ ಹೊದಿಕೆಯ ಮೇಲೆ ದಾಳಿ ಮಾಡುತ್ತದೆ. ಹೊದಿಕೆ ಹೋದ ಜಾಗದಲ್ಲಿ ನರದ ಸಂಕೇತ ನಿಧಾನವಾಗುತ್ತದೆ ಅಥವಾ ಅಲ್ಲೇ ನಿಲ್ಲುತ್ತದೆ. ಒಂದು ಕಣ್ಣು ಮಂಜಾಗುವುದು, ಸೊಂಟದ ಕೆಳಗೆ ಜೋಮು, ನಡೆಯುವಾಗ ವಾಲಾಡುವುದು, ಮೂತ್ರ ತಡೆಯಲಾಗದಿರುವುದು, ನಿದ್ದೆ ಮಾಡಿದರೂ ಹೋಗದ ಸುಸ್ತು ಎಲ್ಲವೂ ಅಲ್ಲಿಂದ ಬರುತ್ತವೆ.

ಇದೇ ತರಹ ಕಾಣುವ ಬೇರೆ ಕಾಯಿಲೆಗಳೂ ಇವೆ. ಬಿ12 ವಿಟಮಿನ್ ಕೊರತೆ ಸಸ್ಯಾಹಾರಿಗಳಲ್ಲಿ ಸಾಮಾನ್ಯ; ಅದೂ ಕಾಲಿಗೆ ಜೋಮು ಹಿಡಿಸುತ್ತದೆ, ನಡಿಗೆ ಕೆಡಿಸುತ್ತದೆ. ನ್ಯೂರೊಮಯಲೈಟಿಸ್ ಆಪ್ಟಿಕಾ ಎಂಬುದು ಕಣ್ಣು, ಬೆನ್ನುಹುರಿಗಳನ್ನು ಹಿಡಿಯುವ ಇನ್ನೊಂದು ಕಾಯಿಲೆ. ಎಂ.ಎಸ್.ಗೆ ಕೊಡುವ ಕೆಲವು ಔಷಧಗಳು ಅದನ್ನು ಉಲ್ಬಣಗೊಳಿಸುತ್ತವೆ. ಆದ್ದರಿಂದ ಯೋಗವಾಗಲಿ ಹೀಲಿಂಗ್ ಆಗಲಿ, ಕಾಯಿಲೆ ಯಾವುದೆಂದು ಖಚಿತವಾದ ಮೇಲಿನ ಮಾತು.

“ಯೋಗ ಶುರುಮಾಡಿದೆ, ಎರಡು ತಿಂಗಳಲ್ಲಿ ಕಾಲು ಸರಿಹೋಯಿತು. ಕಾಯಿಲೆ ಹೋಯಿತು.”

ಈ ಮಾತನ್ನು ಹೇಳುವವರು ಸುಳ್ಳು ಹೇಳುತ್ತಿಲ್ಲ. ಕಾಲು ಸರಿಹೋಗಿದ್ದು ನಿಜ, ಯೋಗ ಮಾಡಿದ್ದೂ ನಿಜ. ಒಂದರಿಂದ ಇನ್ನೊಂದು ಆಯಿತು ಎಂಬಲ್ಲಿ ಲೆಕ್ಕ ತಪ್ಪುತ್ತದೆ. ಎಂ.ಎಸ್. ಬಂದವರಲ್ಲಿ ಸುಮಾರು 85% ಮಂದಿಗೆ ಅದು ಶುರುವಾಗುವುದೇ ಬಂದು ಹೋಗುವ ರೂಪದಲ್ಲಿ. ಒಂದು ಅಟ್ಯಾಕ್ ಬರುತ್ತದೆ, ಕೆಲವು ದಿನ ಏರುತ್ತದೆ, ವಾರಗಳಲ್ಲೋ ತಿಂಗಳುಗಳಲ್ಲೋ ತಾನಾಗಿಯೇ ಇಳಿಯುತ್ತದೆ. ಮೂರರಿಂದ ಐದು ದಿನ ಡ್ರಿಪ್‌ನಲ್ಲಿ ಕೊಡುವ ಸ್ಟೀರಾಯ್ಡ್ ಆ ಇಳಿಕೆಯನ್ನು ಬೇಗ ಮಾಡಿಸುತ್ತದೆ, ಅಷ್ಟೆ. ಜನ ಹೊಸ ದಾರಿ ಹುಡುಕುವುದು ಕಾಯಿಲೆ ತೀರಾ ಜೋರಾದಾಗ. ಅಂದರೆ ಇಳಿಯುವ ಹೊತ್ತು ಹತ್ತಿರವಾದಾಗ. ಆಗ ಯಾವುದನ್ನು ಹಿಡಿದರೂ ಅದಕ್ಕೇ ಕೀರ್ತಿ ಸಲ್ಲುತ್ತದೆ: ಪ್ರಾಣಾಯಾಮಕ್ಕೆ, ಚಕ್ರಶುದ್ಧಿಗೆ, ಹರಕೆಗೆ, ಯಾರೋ ಕೊಟ್ಟ ಪುಡಿಗೆ. ಔಷಧ ಪರೀಕ್ಷೆಗಳಲ್ಲಿ ಬರೀ ಹುಸಿಮದ್ದು ಪಡೆದವರಲ್ಲೂ ಹಿಂದಿನ ವರ್ಷಕ್ಕಿಂತ ಅಟ್ಯಾಕ್‌ಗಳು ಕಡಿಮೆಯಾಗುವುದು ಸಾಮಾನ್ಯ. ಅದಕ್ಕೇ ವಿಜ್ಞಾನಿಗಳು ಒಬ್ಬರ ಅನುಭವವನ್ನು ನಂಬಿ ಕೂರದೆ ಎರಡು ಗುಂಪು ಮಾಡಿ ಹೋಲಿಸುತ್ತಾರೆ.

ಇನ್ನೊಂದು ಸಂಗತಿ ಹೆಚ್ಚು ಆತಂಕದ್ದು. ಹೊರಗೆ ಕಾಣುವ ಒಂದು ಅಟ್ಯಾಕ್‌ಗೆ ಎಂಆರ್‌ಐನಲ್ಲಿ ಐದರಿಂದ ಹತ್ತು ಹೊಸ ಗಾಯದ ಗುರುತುಗಳು ಕಾಣಬಹುದು. ಮೈ ಹಗುರವಾಗಿದೆ ಅನ್ನಿಸುವ ತಿಂಗಳುಗಳಲ್ಲೂ ಒಳಗೆ ಹಾನಿ ನಡೆದಿರಬಹುದು ಎಂದರ್ಥ. ಕಾಯಿಲೆಯ ಓಟ ತಗ್ಗಿಸುವ ಔಷಧಗಳು ಇರುವುದು ಇದಕ್ಕಾಗಿ. 1993ರಲ್ಲಿ ಅಮೆರಿಕದಲ್ಲಿ ಇಂಟರ್‌ಫೆರಾನ್ ಬೀಟಾಗೆ ಒಪ್ಪಿಗೆ ಸಿಕ್ಕಿದ ಮೇಲೆ ಮಾತ್ರೆ, ಚುಚ್ಚುಮದ್ದು, ಡ್ರಿಪ್ ರೂಪದಲ್ಲಿ ಹಲವು ಬಂದಿವೆ. ಇವು ಹೋದ ಶಕ್ತಿಯನ್ನು ವಾಪಸು ತರುವುದಿಲ್ಲ. ಮುಂದಿನ ಅಟ್ಯಾಕ್‌ಗಳನ್ನು ಕಡಿಮೆ ಮಾಡುತ್ತವೆ. ತೆಗೆದುಕೊಂಡವರಿಗೆ ಇವತ್ತೇ ಏನೂ ಸುಖ ಕಾಣುವುದಿಲ್ಲ, ಅಡ್ಡಪರಿಣಾಮ ಮಾತ್ರ ಕಾಣುತ್ತದೆ. ಬೆಳಿಗ್ಗೆ ಮಾಡಿದ ಯೋಗದ ಹಿತ ಬೆಳಿಗ್ಗೆಯೇ ಗೊತ್ತಾಗುತ್ತದೆ. ಹೀಗಾಗಿ ಎರಡರಲ್ಲಿ ಒಂದನ್ನು ಬಿಡಬೇಕು ಅನ್ನಿಸಿದಾಗ ಜನ ಬಿಡುವುದು ಔಷಧವನ್ನು.

ಬಿಟ್ಟರೆ ಏನಾಗುತ್ತದೆ? ಫಿಂಗೊಲಿಮೋಡ್ ಮಾತ್ರೆ ನಿಲ್ಲಿಸಿದ ಕೆಲವರಲ್ಲಿ ಕಾಯಿಲೆ ಮೊದಲಿಗಿಂತ ಭೀಕರವಾಗಿ ಮರುಕಳಿಸಿದ್ದನ್ನು ಕಂಡು 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಹೊರಡಿಸಿತು. ಎಂ.ಎಸ್.ನ ಇನ್ನೊಂದು ಔಷಧ ನಟಾಲಿಝುಮಾಬ್ ನಿಲ್ಲಿಸಿದಾಗಲೂ ಈ ಅಪಾಯವಿದೆ. ಔಷಧ ಬದಲಿಸಲು ದಾರಿಯಿದೆ, ನಿಲ್ಲಿಸಲೂ ಕ್ರಮವಿದೆ. ಅದು ನರರೋಗ ತಜ್ಞರ ಜೊತೆ ಕೂತು ಮಾಡುವ ತೀರ್ಮಾನ.

“ಎಂ.ಎಸ್. ಇರುವವರು ಮೈ ದಣಿಸಬಾರದು. ಯೋಗವೂ ಬೇಡ.”

ಇದು ಮನೆಯ ಹಿರಿಯರ ಪ್ರೀತಿಯಿಂದ ಬರುವ ತಪ್ಪು. ಒಂದು ಕಾಲಕ್ಕೆ ವೈದ್ಯರೂ ಹೀಗೆಯೇ ಹೇಳುತ್ತಿದ್ದರು. 1996ರಲ್ಲಿ ಅಮೆರಿಕದ ಯೂಟಾದಲ್ಲಿ ನಡೆದ 15 ವಾರಗಳ ವ್ಯಾಯಾಮದ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಅಭಿಪ್ರಾಯ ತಿರುಗಿತು: ವ್ಯಾಯಾಮ ಮಾಡಿದವರ ತಾಳಿಕೆ, ಬಲ, ಮನಸ್ಸಿನ ಸ್ಥಿತಿ ಎಲ್ಲ ಸುಧಾರಿಸಿದ್ದವು.

ಯೋಗದ ಬಗ್ಗೆ ಹೆಚ್ಚು ಹೆಸರಾದ ಪರೀಕ್ಷೆ 2004ರಲ್ಲಿ ಪ್ರಕಟವಾಯಿತು. ನಡೆದದ್ದು ಅಮೆರಿಕದ ಆರಿಗಾನ್‌ನಲ್ಲಿ, ಅಲ್ಲಿ ಮಾಡಿಸಿದ ಯೋಗದ ಮೂಲ ನಮ್ಮ ಕೋಲಾರದ ಕಡೆಯದು. ಎಂ.ಎಸ್. ಇದ್ದ 69 ಜನರನ್ನು ಮೂರು ಗುಂಪು ಮಾಡಿ ಆರು ತಿಂಗಳು ನೋಡಿದರು: ಒಂದಕ್ಕೆ ವಾರಕ್ಕೊಮ್ಮೆ ಅಯ್ಯಂಗಾರ್ ಯೋಗ, ಇನ್ನೊಂದಕ್ಕೆ ನಿಂತಲ್ಲೇ ತುಳಿಯುವ ಸೈಕಲ್, ಮೂರನೆಯದಕ್ಕೆ ಏನೂ ಇಲ್ಲ. ಯೋಗದವರಿಗೂ ಸೈಕಲ್‌ನವರಿಗೂ ಸುಸ್ತು ಕಡಿಮೆಯಾಯಿತು. ಗಮನ, ಜ್ಞಾಪಕಗಳ ಪರೀಕ್ಷೆಯಲ್ಲಿ ಎರಡರಿಂದಲೂ ಬದಲಾವಣೆ ಕಾಣಲಿಲ್ಲ. ಎಂ.ಎಸ್.ನಲ್ಲಿ ಸುಸ್ತು ಎಂದರೆ ಕೆಲಸವನ್ನೇ ಬಿಡಿಸುವಂಥದ್ದು, ಅದಕ್ಕೆ ಒಳ್ಳೆಯ ಮಾತ್ರೆಯೂ ಇಲ್ಲ. ಹಾಗಾಗಿ ಅದನ್ನು ಇಳಿಸುವ ಯೋಗ ನನ್ನ ದೃಷ್ಟಿಯಲ್ಲಿ ದೊಡ್ಡ ಸಹಾಯ. ಸೈಕಲ್ಲೂ ಅಷ್ಟೇ ಕೆಲಸ ಮಾಡಿತು ಎಂಬುದನ್ನೂ ಮರೆಯಬಾರದು. ಯೋಗ ಒಗ್ಗದವರು ಅದಕ್ಕಾಗಿ ಕೊರಗಬೇಕಿಲ್ಲ.

ಆ ಪರೀಕ್ಷೆಯಲ್ಲಿ ಆಸನಗಳನ್ನು ಗೋಡೆ, ಕುರ್ಚಿಗಳ ಆಸರೆಯಲ್ಲಿ ಮಾಡಿಸಿದ್ದರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಬಾಲ್ಯದಲ್ಲಿ ಕ್ಷಯ, ಟೈಫಾಯಿಡ್, ಮಲೇರಿಯಾಗಳಿಂದ ಬಳಲಿದ್ದವರು, ಮೈಸೂರಿನಲ್ಲಿ ಟಿ. ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತರು. ಮೈ ಬಗ್ಗದವರಿಗಾಗಿ ಬೆಲ್ಟು, ಮರದ ಇಟ್ಟಿಗೆ, ಹಗ್ಗ, ಕುರ್ಚಿಗಳನ್ನು ಯೋಗಕ್ಕೆ ತಂದವರು ಅವರು. ಕುರ್ಚಿಯ ಮೇಲೆ ಕೂತು ಮಾಡುವುದು ಅರ್ಧ ಯೋಗ ಎಂದು ಯಾರಾದರೂ ಮೂಗು ಮುರಿದರೆ ಅಯ್ಯಂಗಾರರ ಹೆಸರು ಹೇಳಿ.

“ಬೆವರು ಹರಿದರೇ ಯೋಗ. ಕಷ್ಟವಾದರೂ ತಡೆದುಕೊಳ್ಳಬೇಕು.”

ಎಂ.ಎಸ್. ಇರುವವರಿಗೆ ಈ ಮಾತು ಸಲ್ಲದು. ಮೈಯ ಕಾವು ಅರ್ಧ ಡಿಗ್ರಿ ಏರಿದರೂ ಹೊದಿಕೆ ಕಳೆದುಕೊಂಡ ನರಗಳಲ್ಲಿ ಸಂಕೇತ ನಿಲ್ಲಬಹುದು: ಕಣ್ಣು ಮಂಜಾಗುತ್ತದೆ, ಕಾಲು ಕುಸಿಯುತ್ತದೆ. ಜರ್ಮನಿಯ ನೇತ್ರವೈದ್ಯ ವಿಲ್‌ಹೆಲ್ಮ್ ಊಟ್‌ಹಾಫ್ ಇದನ್ನು 1890ರಲ್ಲೇ ಬರೆದಿಟ್ಟರು. ತಣ್ಣಗಾದರೆ ಮೈ ಮೊದಲಿನಂತಾಗುತ್ತದೆ, ನರಕ್ಕೆ ಹೊಸ ಹಾನಿಯಾಗಿರುವುದಿಲ್ಲ. ಆದರೆ ಆ ಹೊತ್ತಿನಲ್ಲಿ ಬಿದ್ದರೆ ಮೂಳೆ ಮುರಿಯುತ್ತದೆ. ಬೆಂಗಳೂರು ತಂಪಿನ ಊರೆಂದು ನೆಚ್ಚಿಕೊಳ್ಳುವಂತೆಯೂ ಇಲ್ಲ. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಗಿದೆ. ಬೇಸಿಗೆಯಲ್ಲಿ ಬೆಳಿಗ್ಗೆ ಎಂಟು ಗಂಟೆಯೊಳಗೆ ಅಭ್ಯಾಸ ಮುಗಿಸಿ. ಫ್ಯಾನ್ ಇರಲಿ, ತಣ್ಣೀರು ಕೈಗೆಟುಕಲಿ. ಬಿಸಿ ಕೋಣೆಯಲ್ಲಿ ಮಾಡಿಸುವ ಯೋಗದ ಹತ್ತಿರ ಸುಳಿಯಬೇಡಿ. ಸೂರ್ಯನಮಸ್ಕಾರವನ್ನು ಸಂಖ್ಯೆ ಹಿಡಿದು ವೇಗವಾಗಿ ಮಾಡಬೇಡಿ. ಕಪಾಲಭಾತಿಯೂ ಜೋರಾಗಿ ಬೇಡ.

ಇನ್ನು ಆಸನಗಳು. ಗಲ್ಲವನ್ನು ಎದೆಗೆ ಒತ್ತಿದಾಗ ಬೆನ್ನುಹುರಿಯುದ್ದಕ್ಕೂ ಕರೆಂಟ್ ಹೊಡೆದಂತಾಗುತ್ತದೆ ಎಂದು ಎಂ.ಎಸ್. ಇರುವ ಹಲವರು ಹೇಳುತ್ತಾರೆ. ಕತ್ತಿನ ಭಾಗದ ಬೆನ್ನುಹುರಿಯಲ್ಲಿ ಗಾಯವಿರುವುದರ ಸೂಚನೆ ಅದು. ಅಂಥವರಿಗೆ ಸರ್ವಾಂಗಾಸನ, ಹಲಾಸನ, ಜಾಲಂಧರ ಬಂಧ ಬೇಡ. ಆಯ ತಪ್ಪುವವರು ಶೀರ್ಷಾಸನವನ್ನು ಮರೆತುಬಿಡಲಿ, ವೃಕ್ಷಾಸನವನ್ನು ಗೋಡೆಯ ಪಕ್ಕದಲ್ಲಿ ಮಾಡಲಿ. ಕಾಲು ಬಿಗಿಯುವವರು ಎಳೆತವನ್ನು ನಿಧಾನವಾಗಿ ಕೊಡಬೇಕು. ಜರ್ಕ್ ಕೊಟ್ಟು ಎಳೆದರೆ ಬಿಗಿತ ಹೆಚ್ಚುತ್ತದೆ. ಅಂಗಾಲಿನ ಸ್ಪರ್ಶ ಕಡಿಮೆಯಾಗಿದ್ದರೆ ಜಾರುವ ಚಾಪೆ ಬೇಡ. ನೆಲದಿಂದ ಏಳುವುದು ಕಷ್ಟವೆಂದರೆ ಶವಾಸನವನ್ನು ಮಂಚದ ಮೇಲೆ ಮಾಡಿದರೂ ಆಗುತ್ತದೆ. ನಡುವೆ ನಿಲ್ಲಿಸುವ ಹಕ್ಕು ನಿಮ್ಮದು, ಶಿಕ್ಷಕರು ಎಷ್ಟೇ ಹುರಿದುಂಬಿಸಲಿ.

ಹೊಸ ತೊಂದರೆಯೊಂದು ಇಡೀ ಒಂದು ದಿನ ದಾಟಿಯೂ ಇಳಿಯದಿದ್ದರೆ ಅದು ಅಟ್ಯಾಕ್ ಇರಬಹುದು. ಯೋಗ ನಿಲ್ಲಿಸಿ, ವೈದ್ಯರಿಗೆ ತಿಳಿಸಿ. ಜ್ವರ ಅಥವಾ ಮೂತ್ರದ ಸೋಂಕಿದ್ದರೂ ಹಳೆಯ ತೊಂದರೆಗಳು ಮೇಲೇಳುತ್ತವೆ, ಮೂತ್ರ ಪರೀಕ್ಷೆ ಮಾಡಿಸಿ.

“ಹೀಲರ್ ಕೈಗೆ ನಮ್ಮ ಶಕ್ತಿಯ ಏರುಪೇರು ತಿಳಿಯುತ್ತದೆ.”

ಮೈ ಮೇಲೆ ಹಗುರವಾಗಿ ಕೈಯಿಟ್ಟೋ, ಮುಟ್ಟದೆ ಕೈಯಾಡಿಸಿಯೋ ಶಕ್ತಿಯನ್ನು ಸರಿಪಡಿಸುತ್ತೇವೆ ಎನ್ನುವ ಪದ್ಧತಿಗಳು ಹಲವು. ರೇಖಿಯನ್ನು 1922ರ ಸುಮಾರಿಗೆ ಜಪಾನಿನ ಮಿಕಾವೊ ಉಸುಯಿ ಆರಂಭಿಸಿದರು. ಪ್ರಾಣಿಕ್ ಹೀಲಿಂಗ್ 1980ರ ದಶಕದಲ್ಲಿ ಫಿಲಿಪೀನ್ಸ್‌ನ ಚೋವಾ ಕೋಕ್ ಸೂಯ್ ಅವರಿಂದ ಹರಡಿತು. ಅಮೆರಿಕದಲ್ಲಿ ಇದೇ ಜಾತಿಯ ‘ಥೆರಪ್ಯೂಟಿಕ್ ಟಚ್’ ಇದೆ. ಅದನ್ನು ಪರೀಕ್ಷಿಸಿದವಳು ಎಮಿಲಿ ರೋಸಾ ಎಂಬ ಒಂಬತ್ತು ವರ್ಷದ ಹುಡುಗಿ, ತನ್ನ ಶಾಲೆಯ ವಿಜ್ಞಾನ ಪ್ರಯೋಗಕ್ಕಾಗಿ. ನಡುವೆ ಪರದೆ ಇಟ್ಟು, ಹೀಲರ್‌ಗಳು ಅದರ ಕೆಳಗಿನಿಂದ ಎರಡೂ ಕೈ ಚಾಚಬೇಕು. ಎಮಿಲಿ ಒಂದು ಕೈಯ ಮೇಲೆ ತನ್ನ ಕೈ ಹಿಡಿಯುತ್ತಾಳೆ, ಯಾವ ಕೈಯೆಂದು ಅವರು ಹೇಳಬೇಕು. 21 ಹೀಲರ್‌ಗಳು, 280 ಪ್ರಯತ್ನ. ಸರಿಯಾದದ್ದು 123, ಅಂದರೆ 44%. ಕಣ್ಣುಮುಚ್ಚಿ ಊಹಿಸಿದ್ದರೂ ಅರ್ಧ ಸರಿ ಬರಬೇಕಿತ್ತು. 1998ರಲ್ಲಿ ಅಮೆರಿಕನ್ ವೈದ್ಯ ಸಂಘದ ಪತ್ರಿಕೆಯಲ್ಲಿ ಇದು ಅಚ್ಚಾಯಿತು.

ಹಾಗಿದ್ದರೆ ಹೀಲಿಂಗ್ ಪಡೆದವರು ಹೇಳುವ ನೆಮ್ಮದಿ ಸುಳ್ಳೇ? ಸುಳ್ಳಲ್ಲ. ಆಸ್ಪತ್ರೆಯಲ್ಲಿ ಹತ್ತು ನಿಮಿಷವೂ ಸಿಗದ ರೋಗಿಗೆ ಹೀಲರ್ ಬಳಿ ಒಂದು ಗಂಟೆ ಸಿಗುತ್ತದೆ. ಮೌನವಾಗಿ ಮಲಗಬಹುದು, ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳಬಹುದು, ಕೇಳುವವರು ಎದುರಿಗಿರುತ್ತಾರೆ. ಅದರಿಂದ ನಿದ್ದೆ ಬರುತ್ತದೆ, ನೋವಿನ ಕಾಟ ಸ್ವಲ್ಪ ತಗ್ಗುತ್ತದೆ. ಇಷ್ಟಕ್ಕಾಗಿ ಹೋಗುವವರನ್ನು ನಾನು ತಡೆಯಲಾರೆ. ಹೀಲಿಂಗ್ ಅಟ್ಯಾಕ್ ತಡೆಯುತ್ತದೆ, ಮಿದುಳಿನ ಗಾಯ ಮಾಯಿಸುತ್ತದೆ ಎಂಬುದಕ್ಕೆ ಮಾತ್ರ ಪುರಾವೆ ಇಲ್ಲ. ಪ್ರಾಣಿಕ್ ಹೀಲಿಂಗ್‌ನ ಪುಸ್ತಕಗಳೇ ಇದು ವೈದ್ಯಕೀಯಕ್ಕೆ ಪೂರಕ, ಬದಲಿಯಲ್ಲ ಎಂದು ಹೇಳುತ್ತವೆ. ಆ ಗೆರೆ ದಾಟಿ ಚುಚ್ಚುಮದ್ದು ನಿಲ್ಲಿಸಲು ಹೇಳುವವರ ಬಳಿ ಮತ್ತೆ ಹೋಗಬೇಡಿ.

“ನಿಮ್ಮ ನೆಗೆಟಿವ್ ಯೋಚನೆಯಿಂದಲೇ ಇದು ಬಂತು.”

ನನಗೆ ಅತಿ ಹೆಚ್ಚು ಸಿಟ್ಟು ಬರುವುದು ಈ ಮಾತಿಗೆ. ಮೊದಲೇ ಕುಸಿದಿರುವವರ ತಲೆಯ ಮೇಲೆ ತಪ್ಪನ್ನೂ ಹೊರಿಸುತ್ತದೆ. ಗುಣವಾಗದಿದ್ದರೆ ಶ್ರದ್ಧೆ ಸಾಲದಾಯಿತು ಎಂದು ಇನ್ನೊಮ್ಮೆ ಹೊರಿಸುತ್ತದೆ. ಎಂ.ಎಸ್.ಗೆ ವಂಶವಾಹಿಗಳು, ಎಪ್‌ಸ್ಟೈನ್-ಬಾರ್ ವೈರಸ್ಸಿನ ಸೋಂಕು, ವಿಟಮಿನ್ ಡಿ ಕೊರತೆ, ಧೂಮಪಾನ ಕಾರಣಗಳ ಸಾಲಿನಲ್ಲಿವೆ. ಯಾರ ಮನಸ್ಸಿನ ಕೊಳಕೂ ಆ ಸಾಲಿನಲ್ಲಿಲ್ಲ. ಮಾನಸಿಕ ಒತ್ತಡಕ್ಕೂ ಅಟ್ಯಾಕ್‌ಗೂ ಸ್ವಲ್ಪ ನಂಟಿರುವುದು ನಿಜ. 2012ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಒತ್ತಡ ನಿಭಾಯಿಸುವ ತರಬೇತಿ ಪಡೆದವರ ಮಿದುಳಿನಲ್ಲಿ ಹೊಸ ಗಾಯಗಳು ಕಡಿಮೆ ಕಂಡವು. ತರಬೇತಿ ನಿಂತ ಮೇಲೆ ಆ ಲಾಭ ಉಳಿಯಲಿಲ್ಲ. ಧ್ಯಾನ, ಯೋಗನಿದ್ರೆಗಳನ್ನು ದಿನವೂ ಮಾಡಲು ಇದೊಂದು ಕಾರಣವಾದೀತು, ರೋಗಿಯನ್ನು ದೂರಲು ಕಾರಣವಾಗದು.

“ಇಮ್ಯುನಿಟಿ ಹೆಚ್ಚಿಸಿಕೊಂಡರೆ ಸರಿಹೋಗುತ್ತದೆ.”

ಇಲ್ಲಿ ಕಾಯಿಲೆಯೇ ಇಮ್ಯುನಿಟಿಯದು. ಇಮ್ಯುನಿಟಿ ಹೆಚ್ಚಿಸಲೆಂದು ಯೋಗದ ಜೊತೆಗೆ ಕಷಾಯವೂ ಬರುತ್ತದೆ, ಅದರಲ್ಲಿ ಹಲವು ಸಲ ಅಮೃತಬಳ್ಳಿ ಇರುತ್ತದೆ. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಲಿವರ್ ಕೆಟ್ಟಿದ್ದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಎಂ.ಎಸ್.ನ ಹಲವು ಔಷಧಗಳೂ ಲಿವರ್ ಮೇಲೆ ಭಾರ ಹಾಕುತ್ತವೆ. ಏನು ಕುಡಿಯುವುದಿದ್ದರೂ ವೈದ್ಯರಿಗೆ ಹೇಳಿ ಕುಡಿಯಿರಿ.

“ಯೋಗ, ಹೀಲಿಂಗ್ ಅಂದರೆ ಡಾಕ್ಟರು ಬೈಯುತ್ತಾರೆ. ಹೇಳದಿರುವುದೇ ವಾಸಿ.”

ನಿಮ್ಹಾನ್ಸ್‌ನಲ್ಲೇ ಯೋಗ, ಆಯುರ್ವೇದಗಳನ್ನು ಆಧುನಿಕ ವೈದ್ಯದ ಜೊತೆ ಸೇರಿಸಿ ನೋಡುವ ಇಂಟಿಗ್ರೇಟಿವ್ ಮೆಡಿಸಿನ್ ವಿಭಾಗವಿದೆ. ಆದ್ದರಿಂದ ಮುಚ್ಚಿಡದೆ ಹೇಳಿ, ಅಷ್ಟು ದೂರ ಹೋದ ದಿನ ಅದನ್ನೂ ವಿಚಾರಿಸಿ ಬನ್ನಿ. ವೈದ್ಯರಲ್ಲಿ ಕೇಳಬೇಕಾದ್ದು ಇನ್ನೊಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಎಂ.ಎಸ್. ಕೂಡ ಸೇರಿದೆ; ಯುಡಿಐಡಿ ಕಾರ್ಡ್‌ಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕುವ ದಾರಿಯನ್ನು ಅವರ ಬಳಿಯೇ ಕೇಳಿ.

ಬ್ಯಾಟರಾಯನಪುರದ ಯೋಗ ಶಿಕ್ಷಕರಲ್ಲಿ, ಹೀಲಿಂಗ್ ಮಾಡುವವರಲ್ಲಿ ಒಂದು ವಿನಂತಿ. ರೋಗಿಗೆ ಹತ್ತಿರವಿರುವವರು ನೀವು, ಅವರು ಮೊದಲು ಕೇಳುವುದು ನಿಮ್ಮ ಮಾತನ್ನು. ಎಂ.ಎಸ್. ಇದೆ ಎಂದು ಯಾರಾದರೂ ಬಂದರೆ ಕುರ್ಚಿ ಕೊಡಿ, ಫ್ಯಾನ್ ಹಾಕಿ, ಗೋಡೆಯ ಪಕ್ಕದ ಜಾಗ ಬಿಟ್ಟುಕೊಡಿ. ಔಷಧ ತಪ್ಪದೆ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಪ್ರತಿ ತಿಂಗಳೂ ವಿಚಾರಿಸಿ.